ಸೀಗೆಕಾಯಿ ಮತ್ತು ಸಿಹಿ ಉಳ್ಳಾಗಡ್ಡಿ: ಬಚ್ಚಲು ನೀರಿನ ಹಿನ್ನೆಲೆಯಲ್ಲಿ ಒಂದು ಮಹಾಪ್ರಬಂಧದ ಸಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಅಜ್ಜಿಯರು ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಂದವರಲ್ಲ. ಒಂದರಲ್ಲಿ ಮಾತ್ರ ಬಂದಿದ್ದಾರೆ: "ನಮ್ ಕಾಲದಾಗ ಉಳ್ಳಾಗಡ್ಡಿ ಬೆಲ್ಲ ಇದ್ದಂಗ ಇರ್ತಿತ್ತು ತಮ್ಮಾ." ಇಷ್ಟು ಗಟ್ಟಿಯಾದ ಮೌಖಿಕ ಆಕರವನ್ನು ಹಿಂದಿನ ವಿದ್ವಾಂಸರು 'ವಯಸ್ಸಾದವರ ಮಾತು' ಎಂದು ತಳ್ಳಿಹಾಕಿದ್ದು ವಿಷಾದನೀಯ. ಪ್ರಸ್ತುತ ಪ್ರಬಂಧ ಅದನ್ನೇ ಪ್ರಮಾಣವೆಂದು ಹಿಡಿದು, ಹಿತ್ತಲಿನಿಂದ ಕಾಣೆಯಾದ ಸಿಹಿಯ ಜಾಡು ಹುಡುಕುತ್ತದೆ.

ಮೊದಲು ಗಡಿ ನಿರ್ಣಯ. ತಮಿಳುನಾಡಿನ ಮಾರುಕಟ್ಟೆಯಲ್ಲಿ ದಪ್ಪ ಉಳ್ಳಾಗಡ್ಡಿಗೆ ಇಂದಿಗೂ ಬಳ್ಳಾರಿಯ ಹೆಸರೇ. 1953ರವರೆಗೆ ಬಳ್ಳಾರಿ ಮದರಾಸಿನವರ ಕೈಯಲ್ಲೇ ಇತ್ತು. ಊರು ಬಿಟ್ಟುಕೊಟ್ಟರು, ಉಳ್ಳಾಗಡ್ಡಿ ಬಿಟ್ಟುಕೊಡಲಿಲ್ಲ. ಹಾಗಾದರೆ ಹರಪನಹಳ್ಳಿಯ ಹಿತ್ತಲ ಗಡ್ಡೆ ಯಾವ ಜಿಲ್ಲೆಯದು? ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಈ ಅವಧಿಯಲ್ಲಿ ಉಳ್ಳಾಗಡ್ಡಿ ಮಾತ್ರ ಸಸಿಮಡಿಯಿಂದ ನಾಟಿ ಸಾಲಿಗೆ ಹೋದದ್ದು ಬಿಟ್ಟರೆ ಎಲ್ಲಿಗೂ ಕದಲಿಲ್ಲ. ಕಂದಾಯ ದಾಖಲೆಗಿಂತ ಗಡ್ಡೆಯ ಸಾಕ್ಷ್ಯವೇ ಹೆಚ್ಚು ನಂಬಲರ್ಹವೆಂದು ಇಲ್ಲಿ ಭಾವಿಸಲಾಗಿದೆ.

ಪೂರ್ವಪಕ್ಷ: ಸಿಹಿ ಉಳ್ಳಾಗಡ್ಡಿಯಲ್ಲಿ ಸಕ್ಕರೆ ಜಾಸ್ತಿ. ಇದು ಸಲ್ಲದು. ಘಾಟು ಗಡ್ಡೆಯಲ್ಲೂ ಅಷ್ಟೇ ಸಕ್ಕರೆ ಇರುತ್ತದೆ, ಕೆಲವೊಮ್ಮೆ ಹೆಚ್ಚೇ ಇರುತ್ತದೆ. ಘಾಟಿನ ಅಬ್ಬರದಲ್ಲಿ ನಾಲಿಗೆಗೆ ಅದು ಕೇಳಿಸುವುದಿಲ್ಲ. ಘಾಟಿನ ಮೂಲ ಗಂಧಕ. ಮಣ್ಣಿನ ಗಂಧಕವನ್ನು ಗಡ್ಡೆ ಹೀರಿ ಕೂಡಿಡುತ್ತದೆ. ಹೆಚ್ಚಿದ ಕೂಡಲೆ ಕಿಣ್ವಗಳು ಕೆಲಸಕ್ಕಿಳಿದು ಕಣ್ಣಿಗೆ ಕೈ ಹಾಕುತ್ತವೆ. ಕಣ್ಣೀರಿನ ಅನಿಲಕ್ಕೆ ಪ್ರತ್ಯೇಕ ಕಿಣ್ವವೊಂದಿದೆ ಎಂದು 2002ರಲ್ಲಿ ತೋರಿಸಿದ ಜಪಾನಿನ ಸಂಶೋಧಕರಿಗೆ 2013ರಲ್ಲಿ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ಪ್ರಸ್ತುತ ಲೇಖಕ ಅದರ ಮೊದಲರ್ಧಕ್ಕೆ ಅರ್ಜಿ ಹಾಕುವ ಆಲೋಚನೆಯಲ್ಲಿದ್ದಾನೆ.

ಅಮೆರಿಕದ ಜಾರ್ಜಿಯಾದಲ್ಲಿ 1931ರಲ್ಲಿ ಮೋಸ್ ಕೋಲ್ಮನ್ ಎಂಬ ರೈತ ತಾನು ಬೆಳೆದ ಗಡ್ಡೆ ಖಾರವಿಲ್ಲದ್ದು ಕಂಡು ಬೆರಗಾದ. ಗಂಧಕ ಕಮ್ಮಿಯಿರುವ ಮರಳು ಮಣ್ಣು ಅದು. ಮುಂದೆ ವಿಡೇಲಿಯಾ ಎಂದು ಹೆಸರಾದ ಆ ಉಳ್ಳಾಗಡ್ಡಿಗಾಗಿ 1986ರಲ್ಲಿ ಕಾನೂನೇ ಬಂತು. ನಮ್ಮ ಕೂಡ್ಲಿಗಿ ಕಡೆಯ ಮಸಾರಿ ನೆಲವೂ ಮರಳುಮಿಶ್ರಿತವೇ. ಎರಿ ಹೊಲಕ್ಕೆ ಹೋಲಿಸಿದರೆ ಗಂಧಕ ನಿಲ್ಲುವುದು ಕಷ್ಟ. ಹರಪನಹಳ್ಳಿಯ ಮಣ್ಣಿನಲ್ಲೂ ಘಾಟು ಕಡಿಮೆ ಎಂಬ ವಾದವನ್ನು ಮಾತ್ರ ಒಪ್ಪಲಾಗದು. 1913ರಲ್ಲಿ ಹಾಸ್ಯ ಸಾಹಿತಿ ಬೀಚಿ ಹುಟ್ಟಿದ್ದು ಅಲ್ಲೇ.

ಬೀಜದ ಗೊಂದಲವೂ ಒಂದುಂಟು. ಹಗರಿಬೊಮ್ಮನಹಳ್ಳಿಯ ಹಿತ್ತಲೊಂದಕ್ಕೆ ವಿದೇಶದಲ್ಲಿರುವ ಮಗಳು ತಂದ 'ವಾಲಾ ವಾಲಾ' ಎಂಬ ಸಿಹಿ ಉಳ್ಳಾಗಡ್ಡಿಯ ಬೀಜ ಬಿತ್ತು. ಸಸಿ ಎದ್ದಿತು, ತಪ್ಪಲು ಮೊಣಕಾಲೆತ್ತರ ಬಂತು, ಬುಡದಲ್ಲಿ ಮಾತ್ರ ಬೆರಳು ಗಾತ್ರದ ಬಿಳಿ ದಂಟು. ಆ ತಳಿ ಗಡ್ಡೆ ಕಟ್ಟಲು ದಿನಕ್ಕೆ 14 ತಾಸಿಗೂ ಮೀರಿದ ಹಗಲು ಬೇಕು. ನಮ್ಮಲ್ಲಿ ಅತಿ ಉದ್ದದ ದಿನವೂ 13 ತಾಸಿನ ಆಸುಪಾಸು. ಬಿಸಿಲಿಗೆ ಬರವಿಲ್ಲದ ಸೀಮೆಯಲ್ಲಿ ಹಗಲಿಗೆ ಬರ! ತಪ್ಪಲನ್ನು ಬೇಳೆಗೆ ಹಾಕಿ ಪಲ್ಯ ಮಾಡಿದರು, ರುಚಿಯಾಗಿತ್ತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳಾದರೆ ಈ ಜಗಳವಿಲ್ಲ.

ಈಗ ಸಿದ್ಧಾಂತಕ್ಕೆ ಬರೋಣ. ಹೊಲದಲ್ಲಿ ಘಾಟು ಹೆಚ್ಚಿದ್ದಕ್ಕೆ ಕಾರಣ ಗೊಬ್ಬರದ ಚೀಲದ ಮೇಲೇ ಅಚ್ಚಾಗಿದೆ: 20:20:0:13. ಕೊನೆಯ 13 ಗಂಧಕ. ರೈತರು ತಿಳಿದೇ ಹಾಕುತ್ತಾರೆ. ಘಾಟು ಗಡ್ಡೆ ಬಾಳಿಕೆ ಬರುತ್ತದೆ. ಸಿಹಿ ಗಡ್ಡೆಗೆ ನೀರು ಜಾಸ್ತಿ, ಬೆಂಗಳೂರಿನ ಮಂಡಿ ಮುಟ್ಟುವುದರೊಳಗೆ ಚೀಲ ಒದ್ದೆ. ಆದ್ದರಿಂದ ಸಿಹಿ ಉಳ್ಳಾಗಡ್ಡಿಗೆ ಹಿತ್ತಲೇ ಗತಿ. ಆದರೆ ಹಿತ್ತಲಿಗೆ ಗೊಬ್ಬರದ ಚೀಲವೇ ಬರುವುದಿಲ್ಲವಲ್ಲ, ಅಲ್ಲಿ ಘಾಟು ಹೇಗೆ ಹೊಕ್ಕಿತು? ಬಚ್ಚಲಿನ ಮೋರಿಯಿಂದ! ಅಜ್ಜಿಯರ ಕಾಲದಲ್ಲಿ ತಲೆಗೆ ಸೀಗೆಕಾಯಿ. ಈಗ ಶಾಂಪೂ, ಬಾಟಲಿಯ ಹಿಂಬದಿಯ ಸಣ್ಣಕ್ಷರ ಓದಿದರೆ ಸಲ್ಫೇಟ್, ಅರ್ಥಾತ್ ಗಂಧಕ. ಮನೆಯಲ್ಲಿ ಉದ್ದ ಕೂದಲಿನವರು ಹೆಚ್ಚಿದಷ್ಟೂ ಗಡ್ಡೆಗೆ ಖಾರ ಎಂಬ ಸೂತ್ರ ಇದರಿಂದ ತಾನಾಗಿ ಹೊರಡುತ್ತದೆ. ಬೋಳುತಲೆಯ ಯಜಮಾನರಿರುವ ಮನೆಗಳ ಉಳ್ಳಾಗಡ್ಡಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಿದೆ.

ಬಳಕೆಯಲ್ಲಿ ಎರಡು ದರ್ಶನಗಳಿವೆ. ಮುಷ್ಟಿವಾದಿಗಳು ಗಡ್ಡೆಯನ್ನು ಕಟ್ಟೆಯ ಮೇಲಿಟ್ಟು ಗುದ್ದಿ ಒಡೆದು, ನಡುವಿನ ಸುಳಿ ಕಿತ್ತು, ಜೋಳದ ರೊಟ್ಟಿ, ಶೇಂಗಾ ಚಟ್ನಿಯೊಂದಿಗೆ ಕಚ್ಚುವವರು. ಗುದ್ದಿದರೆ ಘಾಟು ಹೆದರಿ ಓಡುತ್ತದೆಂಬುದು ಅವರ ನಂಬಿಕೆ. ಈಳಿಗೆವಾದಿಗಳು ಸಣ್ಣಗೆ ಹೆಚ್ಚಿ ಮಂಡಕ್ಕಿ ಒಗ್ಗರಣೆಯ ಮೇಲೆ ಉದುರಿಸಿ, ಪಕ್ಕಕ್ಕೆ ಮಿರ್ಚಿ ಇಟ್ಟುಕೊಂಡವರು. ಸಿಹಿ ಗಡ್ಡೆಯನ್ನು ಒಗ್ಗರಣೆಯ ಎಣ್ಣೆಗೆ ಹಾಕಬಾರದು, ನೀರು ಬಿಟ್ಟು ಮಂಕಾಗುತ್ತದೆ. ಹಸಿಯಾಗಿಯೇ ತಿನ್ನಬೇಕೆಂಬಲ್ಲಿ ಉಭಯ ಪಕ್ಷಗಳೂ ಕೂಡುತ್ತವೆ. ಬೆಲೆಯ ವಿಚಾರ ಈ ಪ್ರಬಂಧದ ವ್ಯಾಪ್ತಿಯಲ್ಲಿಲ್ಲ. ಅದು ಭವಿಷ್ಯ ನುಡಿಯುವ ಮೈಲಾರದ ಕಾರ್ಣಿಕಕ್ಕೆ ಬಿಟ್ಟದ್ದು. ಕಣ್ಣೀರು ತರಿಸಿದ ಉಳ್ಳಾಗಡ್ಡಿ ಎಂಬ ಪತ್ರಿಕಾ ಶೀರ್ಷಿಕೆಯನ್ನೂ ಇಲ್ಲಿ ನಿಷೇಧಿಸಲಾಗಿದೆ.

ಉಳಿದದ್ದು ಪ್ರಯೋಗ. ಕೊಟ್ಟೂರಿನ ಮನೆಯೊಂದರಲ್ಲಿ ಎರಡು ಮಡಿ ಮಾಡಿ, ಒಂದಕ್ಕೆ ಶಾಂಪೂ ನೀರು, ಇನ್ನೊಂದಕ್ಕೆ ಸೀಗೆಕಾಯಿ ನೀರು ಹರಿಸಲು ಯೋಜಿಸಲಾಯಿತು. ಮನೆಯ ಸೊಸೆ ಒಪ್ಪಿದಳು, ಒಂದು ಷರತ್ತಿನ ಮೇಲೆ: "ಸೀಗೆಕಾಯಿ ನೀವ ಪುಡಿ ಮಾಡಿಕೊಡ್ರಿ ಮಾವಾರ." ಗಿರಣಿಯವನು ಬುಟ್ಟಿ ನೋಡಿದ ಕೂಡಲೇ ಕೈಮುಗಿದ, ಮುಂದಿನವರ ಜೋಳದ ಹಿಟ್ಟು ಕಹಿಯಾದರೆ ಬೈಸಿಕೊಳ್ಳುವವನು ತಾನೆಂದ. ಹೀಗಾಗಿ ಮುಖ್ಯ ಸಂಶೋಧಕರು ಸದ್ಯ ಒರಳಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒನಕೆ ಹಿಡಿದು ಸೀನುತ್ತಿದ್ದಾರೆ. ಮಡಿಗಳು ಒಣಗಿವೆ.