ಐದು ವರ್ಷ ಕೆಮ್ಮಬಾರದು

ಯಲಹಂಕ ನ್ಯೂಟೌನಿನಲ್ಲಿ ಯಾರ ಮನೆಯ ಹಿರಿಯರು ಅಮೆರಿಕಕ್ಕೆ ಹೊರಟಿದ್ದಾರೆಂದು ಮೊದಲು ಗೊತ್ತಾಗುವುದು ಮೆಡಿಕಲ್ ಸ್ಟೋರಿನವನಿಗೆ. ರೈಲ್ವೆಯ ವೀಲ್ ಅಂಡ್ ಆಕ್ಸಲ್ ಕಾರ್ಖಾನೆಯಲ್ಲಿ ರಿಟೈರಾದ ನಮ್ಮ ಬೀದಿಯ ಯಜಮಾನರು ಊಟದ ಟೇಬಲ್ ಮೇಲೆ ಆರು ತಿಂಗಳ ಬಿಪಿ ಮಾತ್ರೆ ಹರಡಿಕೊಂಡು, ಹತ್ತು ಸ್ಟ್ರಿಪ್‌ಗೊಂದು ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. "ನಿಮ್ಮ ಮಾತ್ರೆ ಇಟ್ರೆ ನನ್ನ ಹುಳಿಪುಡಿ ಹಿಡಿಸಲ್ಲ," ಎಂದರು ಅವರಾಕೆ. ಸೂಟ್‌ಕೇಸಿಗೆ 23 ಕೆಜಿಯೇ ಮಿತಿ.

"ಗ್ರೀನ್ ಕಾರ್ಡೇ ಬಂದಿದೆಯಲ್ಲ ಸಾರ್, ಇದನ್ನೆಲ್ಲ ಯಾಕೆ ಹೊರ್ತೀರಿ?" ಅಂದೆ. ಕನಿಕರದಿಂದ ನೋಡಿದರು.

65 ದಾಟಿದವರಿಗೆ ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್. ಅಲ್ಲಿ ದುಡಿಯದ ಗ್ರೀನ್ ಕಾರ್ಡಿನವರು ದುಡ್ಡು ಕೊಟ್ಟು ಕೊಳ್ಳಬೇಕೆಂದರೂ ಎಡೆಬಿಡದೆ ಐದು ವರ್ಷ ನೆಲೆಸಿರಬೇಕು. ಬಡವರ ಮೆಡಿಕೇಡ್‌ಗೂ, 1996ರ ಕಾನೂನಿನ ದಯೆಯಿಂದ, ಬಹುತೇಕ ಕಡೆ ಐದೇ ವರ್ಷ. ಎಪ್ಪತ್ತಕ್ಕೆ ಹೋಗಿ ಇಳಿದವರು ಎಪ್ಪತ್ತೈದಕ್ಕೆ ಕಾಯಿಲೆ ಬೀಳಬಹುದು. ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದ ದಿನವೇ ಹೃದಯಕ್ಕೂ ಕಿಡ್ನಿಗೂ ತಿಳಿಸಿಬಿಟ್ಟರೆ ಒಳ್ಳೆಯದು. ಅಲ್ಲಿಯವರೆಗೆ ಖಾಸಗಿ ವಿಮೆ ಇದೆ. ಕಂತು ಕೇಳಿದರೇ ಬಿಪಿ ಏರುತ್ತದೆ.

ಐದು ವರ್ಷ ಕಳೆದರೂ ಮೆಡಿಕೇರ್ ಬಿಟ್ಟಿಯಲ್ಲ. ಆಸ್ಪತ್ರೆ ಖರ್ಚಿನ ಪಾರ್ಟ್ ಎ ಕಂತಿಲ್ಲದೆ ಸಿಗಬೇಕಾದರೆ ತಾವೋ ಸಂಗಾತಿಯೋ 40 ತ್ರೈಮಾಸಿಕ, ಅಂದರೆ ಹತ್ತು ವರ್ಷ, ದುಡಿದು ತೆರಿಗೆ ಕಟ್ಟಿರಬೇಕು. ಏನೂ ದುಡಿದಿಲ್ಲವೋ, 2025ರಲ್ಲಿ ತಿಂಗಳಿಗೆ 518 ಡಾಲರ್. ಡಾಕ್ಟರ ಫೀಸಿನ ಪಾರ್ಟ್ ಬಿ ಬೇರೆ, 185. ಮಗನ ಸಂಬಳದಿಂದ ಮೆಡಿಕೇರಿಗೆಂದೇ ಶೇ 1.45 ಹಿಡಿಯುತ್ತಾರೆ. ಅದು ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ.

ಅಮ್ಮನೇನು ಸುಮ್ಮನೆ ಕೂತಿರುತ್ತಾರಾ? ಬಾಣಂತನ, ಎಣ್ಣೆನೀರು, ರಾಗಿ ಸರಿ, ಸೊಸೆ ಆಫೀಸಿನಿಂದ ಬರುವ ತನಕ ಹತ್ತು ಗಂಟೆ ಡ್ಯೂಟಿ. ತ್ರೈಮಾಸಿಕ ಸೊನ್ನೆ. ಅದೇ ಪಕ್ಕದ ಮನೆಯ ಮಗುವನ್ನು ಸಂಬಳಕ್ಕೆ ಆಡಿಸಿ ತೆರಿಗೆ ಕಟ್ಟಿದರೆ ಲೆಕ್ಕ ಓಡುತ್ತದೆ. ಹಾಗಾಗಿ ನನ್ನದೊಂದು ಸಲಹೆ: ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇಬ್ಬರು ಯಲಹಂಕದ ಅಜ್ಜಿಯರು ಮೊಮ್ಮಕ್ಕಳನ್ನು ಅದಲುಬದಲು ಮಾಡಿಕೊಳ್ಳಲಿ. ಎಪ್ಪತ್ತಕ್ಕೆ ಶುರು ಮಾಡಿದರೆ ಎಂಬತ್ತಕ್ಕೆ ಪಾರ್ಟ್ ಎ ಕೈಗೆ. ಅಷ್ಟರಲ್ಲಿ ಮೊಮ್ಮಕ್ಕಳಿಗೇ ಹತ್ತಾಗಿರುತ್ತದೆ, ಎಣ್ಣೆನೀರಿಗೆ ಸಿಗುವುದಿಲ್ಲ.

ಸೂಟ್‌ಕೇಸ್ ಮುಚ್ಚುವ ಮುನ್ನ ಯಜಮಾನರು ಬೀರುವಿನಿಂದ ರೈಲ್ವೆ ಆಸ್ಪತ್ರೆಯ ಕಾರ್ಡು ತೆಗೆದು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡರು.

"ಅದು ಅಲ್ಲಿ ನಡೆಯಲ್ವಲ್ಲ ಸಾರ್?"

"ಅಲ್ಲಿಗಲ್ಲ ಕಣಪ್ಪಾ. ಅಲ್ಲಿ ಎದೆ ನೋವು ಬಂದ್ರೆ, ದೇವನಹಳ್ಳೀಲಿ ಇಳಿದ ತಕ್ಷಣ ಬೇಕಾಗತ್ತೆ."