ಫೋಟೋ ಕಾಕಾ

ಪತ್ರಿಕಾ ಛಾಯಾಗ್ರಾಹಕ ಎಂಬ ಜೀವಿ ಆಟ ನಡೆಯುವಾಗ ಮೈದಾನದಲ್ಲಿ ಇರುವುದಿಲ್ಲ. ಬಹುಮಾನ ಹಂಚಿ ಪೆಂಡಾಲು ಬಿಚ್ಚುವ ಹೊತ್ತಿಗೆ ಬೈಕಿನಿಂದ ಇಳಿಯುತ್ತದೆ. ನಮ್ಮ ಪಾಲಿಗೆ ಬಂದವರು ಫೋಟೋ ಕಾಕಾ. ಹುಡುಗರು ಇಟ್ಟ ಹೆಸರು. ಬೆಳಗಾವಿ ಮಗ್ಗುಲಿನ ನಮ್ಮ ಹಿಂಡಲಗಾ ಅಂದರೆ ಹೊರಗಿನವರಿಗೆ ಜೈಲೇ ನೆನಪು. ಅದರೊಳಗಿನವರಿಗಾದರೂ ಸನ್ನಡತೆಯ ಮೇಲೆ ಬಿಡುಗಡೆ ಉಂಟು, ಪೀಟಿ ಮಾಸ್ತರನಾದ ನನಗೆ ಕಾಕಾನಿಂದ ಇಲ್ಲ.

ಒಂದು ವರ್ಷ ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್ ಮುಗಿದು, ಗೆದ್ದವರು ಕಪ್ ಎತ್ತಿಕೊಂಡು ಕುಣಿಯುತ್ತಿದ್ದಾಗ ಇವರು ಬಂದರು. "ಸರ್ರ, ಕಪ್ ಹಿಡಕೊಂಡ ಫೋಟೋ ಡೆಸ್ಕಿನವರು ಹಾಕಂಗಿಲ್ಲ. ಆ್ಯಕ್ಷನ್ ಬೇಕ್ರಿ. ಆ ಕಡೀ ರೇಡ್ ಇನ್ನೊಮ್ಮೆ ಮಾಡಸ್ರಿ."

ಸೋತವರ ರೇಡರ್ ಆಗಲೇ ಪ್ಯಾಂಟು ಹಾಕಿಕೊಂಡು ಮರದ ಬುಡದಲ್ಲಿ ಮೋರೆ ಗಂಟಿಕ್ಕಿ ಕೂತಿದ್ದ. ರಮಿಸಿ ಎಬ್ಬಿಸಿದೆ. ಗೆದ್ದ ಏಳೂ ಮಂದಿ ನಿಂತರು. ಕಾಕಾ ನೆಲದ ಮೇಲೆ ಬೋರಲು ಮಲಗಿ, "ನೀವು ಕಾಲ ಹಿಡೀರಿ, ನೀ ಕೈ ಚಾಚಿ ಬೀಳು, ಹಲ್ಲ ಕಿಸೀಬ್ಯಾಡ" ಎಂದರು. ಹುಡುಗ ಬಿದ್ದ. ಹಿಂದೆ ಎಮ್ಮೆ ಬಂದಿತ್ತು. ಇನ್ನೊಮ್ಮೆ ಬಿದ್ದ, ಮೋಡ ಕವಿಯಿತು. ಮತ್ತೆ ಬಿದ್ದಾಗ ಹೆಡ್‌ಮಾಸ್ತರರು ತಾವಾಗಿ ಫ್ರೇಮಿನೊಳಗೆ ನಡೆದು ಬಂದರು. ಅಷ್ಟರಲ್ಲಿ ಹುಡುಗನಿಗೆ ರೋಸಿಹೋಗಿತ್ತು. ಕಬಡ್ಡಿ ಕಬಡ್ಡಿ ಎನ್ನುತ್ತ ನುಗ್ಗಿದವ, ಹಿಡಿದ ಮೂವರನ್ನೂ ಎಳೆದುಕೊಂಡೇ ಬಂದು ನಡುಗೆರೆಗೆ ಬೆರಳೂರಿಬಿಟ್ಟ. ಅಭ್ಯಾಸಬಲ, ನಾನು ಸೀಟಿ ಊದಿ ಮೂರು ಪಾಯಿಂಟು ತೋರಿಸಿದೆ! ಕಾಕಾನ ಕ್ಯಾಮೆರಾ ಹಿಡಿದದ್ದು ಅದನ್ನೇ.

ಮರುದಿನ ಪತ್ರಿಕೆಯಲ್ಲಿ ಸುದ್ದಿ ಒಂದು ಶಾಲೆ ಗೆದ್ದದ್ದು, ಚಿತ್ರ ಇನ್ನೊಂದು ಶಾಲೆ ಗೆದ್ದದ್ದು. ಸೋತವರ ಊರ ಬಸ್‌ಸ್ಟಾಪಿನಲ್ಲಿ ಬ್ಯಾನರ್ ಏರಿತು. ಗೆದ್ದವರ ಪಾಲಕರು ನಮ್ಮ ಮನೆಯ ಮೆಟ್ಟಿಲೇರಿದರು. ಕಾಕಾ ಮಾತ್ರ, "ಏನ್ ಆ್ಯಕ್ಷನ್ ಬಂದೈತಿ ನೋಡ್ರಿ ಸರ್ರ!" ಆ ಚಿತ್ರದ ಅಂಚಿನಲ್ಲಿ ಸೀಟಿ ಹಿಡಿದ ಕೈಯೊಂದು ಕಾಣುತ್ತದೆ. ಅದು ನನ್ನದು. ಕತ್ತರಿಸಿ ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ, ಬಂದವರಿಗೆ ತೋರಿಸುವುದೂ ಉಂಟು.

ಕಾಕಾನಿಗೆ ವರ್ಷವಿಡೀ ಬೇಕಾದ ಚಿತ್ರಗಳೂ ಇಂಥವೇ. ಮೊದಲ ಮಳೆಗೆ ಚನ್ನಮ್ಮ ವೃತ್ತದಲ್ಲಿ ಕೊಡೆ ಹಿಡಿದ ಕಾಲೇಜು ಹುಡುಗಿಯರು. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಮಗಳ ಬಾಯಿಗೆ ತಾಯಿ ಇಡುವ ಕುಂದಾ. "ನುಂಗಬ್ಯಾಡವಾ, ಹಂಗ ಹಿಡಿ" ಎಂದು ಹತ್ತು ಕ್ಲಿಕ್ಕು. ಉಳಿದ ಕುಂದಾ ಯಾರ ಹೊಟ್ಟೆಗೆ ಎಂದು ಬೇರೆ ಹೇಳಬೇಕಿಲ್ಲ. ಆಗಸ್ಟ್ 29ರ ಕ್ರೀಡಾ ದಿನಕ್ಕೆ ಹಾಕಿ ಸ್ಟಿಕ್ ಹಿಡಿದ ಮಕ್ಕಳು ಬೇಕು. ಆದರೆ 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಹಾಕಿ ತಂಡದಲ್ಲಿದ್ದ ಬಂಡು ಪಾಟೀಲರು ನಮ್ಮ ಬೆಳಗಾವಿಯವರು ಎಂದು ಹುಡುಗರನ್ನು ಸಾಲಾಗಿ ಕೂರಿಸಿ ಹೇಳಿದವರೂ ಕಾಕಾನೇ. ನನಗೆ ಅದು ತೋಚಿರಲಿಲ್ಲ.

ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ನಮ್ಮ ಮಗ್ಗುಲಲ್ಲೇ ಇರುವುದರಿಂದ ಸೇನೆ ಸೇರುವ ಕನಸು ಇಲ್ಲಿ ಮನೆಮನೆಗೂ ಉಂಟು. ಒಮ್ಮೆ ಭರ್ತಿ ರ್‍ಯಾಲಿಯ 1600 ಮೀಟರ್ ಓಟದಲ್ಲಿ ಖಾನಾಪುರದ ಕಡೆಯ ಹುಡುಗನೊಬ್ಬ ಗೆರೆ ಮುಟ್ಟಬೇಕು, ಅಷ್ಟರಲ್ಲಿ ವೇಳೆ ಮುಗಿದು ಹಗ್ಗ ಅಡ್ಡ ಬಂತು. ಮಣ್ಣಿಗೆ ಮೊಣಕಾಲೂರಿ ಬಿಕ್ಕಿ ಬಿಕ್ಕಿ ಅತ್ತ. ಕಾಕಾ ಎರಡು ಮಾರು ದೂರದಲ್ಲಿದ್ದರು. ಮುಖಪುಟದ ಚಿತ್ರ ಅದು, ನನಗೇ ಗೊತ್ತಾಗುತ್ತಿತ್ತು. ಅವರು ಲೆನ್ಸಿಗೆ ಮುಚ್ಚಳ ಹಾಕಿದರು.

"ವಯಸ್ಸೆಷ್ಟಪಾ?"

"ಹದಿನೆಂಟ್ರಿ ಕಾಕಾ."

"ಹಂಗಾರ ಇನ್ನೊಮ್ಮೆ ಓಡಾಕ ಬರ್ತೈತೇಳು."

ಆ "ಇನ್ನೊಮ್ಮೆ" ಕೇಳಿ ನನಗೆ ಸಿಟ್ಟು ಬರದೇ ಇದ್ದದ್ದು ಅವತ್ತೊಂದೇ ದಿನ.

ನಾಡಿದ್ದು ಖೋ ಖೋ ಫೈನಲ್, ಹನ್ನೊಂದಕ್ಕೆ. ಕಾಕಾ ನಿನ್ನೆ ಫೋನು ಮಾಡಿ ಟೈಮು ಕೇಳಿದರು. ಒಂಬತ್ತಕ್ಕೆ ಸರಿಯಾಗಿ ಶುರು ಎಂದಿದ್ದೇನೆ.