ಗೊತ್ತಿರುವ ಕಥೆಯ ರುಚಿ

ಬಟ್ಟೆ ಒಣಹಾಕಲು ಬಂದಿದ್ದ ಪಕ್ಕದ ಮನೆ ಅಕ್ಕ ದಾಸವಾಳದ ಬೇಲಿಯಾಚೆಯಿಂದಲೇ ಕೂಗಿ ಹೇಳಿದರು: "ನೋಡಿದೆ ತಮ್ಮಾ, ನೀನು ಹೇಳಿದ್ದನ್ನ. ಏಳು ಕಂತಿಗೆ ಸಾಕಾಯ್ತು. ನಮ್ಮ 'ಗೇಮ್ ಆಫ್ ಥ್ರೋನ್ಸ್' ಎಲ್ಲಿ, ಇದೆಲ್ಲಿ!"

ನಾನು ಹೇಳಿದ್ದು 'ಹೌಸ್ ಆಫ್ ದ ಡ್ರ್ಯಾಗನ್' ಬಗ್ಗೆ. ಹಳೆಯದರ ಎಂಟು ಸೀಸನ್ನನ್ನೂ, 73 ಕಂತನ್ನೂ ಅಕ್ಕ ಮಗನ ಜೊತೆ ಕೂತು ನೋಡಿದವರು. ಅವರ ಮಾತನ್ನು ಹಾಗೇ ತಳ್ಳಿಹಾಕುವಂತಿಲ್ಲ. ಕೈಲಿದ್ದ ನೀರಿನ ಪೈಪು ಕೆಳಗಿಟ್ಟು ಬೇಲಿ ಹತ್ತಿರ ಹೋದೆ.

"ಅದರಲ್ಲಿ ಏನಿರಲಿಲ್ಲ ಹೇಳು? ಒಂದು ಕಡೆ ಹಿಮದ ಗೋಡೆ ಕಾಯೋರು, ಇನ್ನೊಂದು ಕಡೆ ಸಮುದ್ರದಾಚೆ ಡ್ರ್ಯಾಗನ್ ಸಾಕೋ ಹುಡುಗಿ, ಮಧ್ಯೆ ಆ ಟಿರಿಯನ್. ಅವನು ಬಾಯಿ ಬಿಟ್ಟರೆ ಸಾಕಿತ್ತು, ನಗೂ ಬರ್ತಿತ್ತು, ಕಣ್ಣಲ್ಲಿ ನೀರೂ ಬರ್ತಿತ್ತು. ಇಲ್ಲಿ ಒಂದೇ ಮನೆ, ಒಂದೇ ಜಗಳ. ನಗಿಸೋರು ಒಬ್ಬರೂ ಇಲ್ಲ. ರೇನೀರಾ, ರೇನಿಸ್, ರೇನಾ ಅಂತ ಎಲ್ಲರದ್ದೂ ಒಂದೇ ಥರ ಹೆಸರು, ಒಂದೇ ಬಿಳಿ ಕೂದಲು. ಆ ಹುಡುಗಿ ಮುಖಕ್ಕೆ ಹೊಂದಿಕೊಂಡೆ ಅನ್ನೋ ಹೊತ್ತಿಗೆ ಹತ್ತು ವರ್ಷ ಕಳೆದುಹೋಯ್ತು ಅಂತ ಬೇರೆಯವಳನ್ನೇ ತಂದು ನಿಲ್ಲಿಸಿದ್ರು. ಶುರುವಿನ ಸಂಗೀತ ಮಾತ್ರ ಅದೇ. ಅದು ಕೇಳಿದ ಕೂಡಲೇ ಹಳಬರೆಲ್ಲ ಬರ್ತಾರೆ ಅಂತ ಕಾಯ್ತೀನಿ. ಯಾರೂ ಬರಲ್ಲ."

ಕೊನೆಯ ಮಾತು ನನಗೂ ತಾಗಿತು. ಎರಡಕ್ಕೂ ಸಂಗೀತ ರಮಿನ್ ಜವಾದಿಯದೇ. ಹೊಸದರ ಎರಡನೇ ಕಂತಿನಲ್ಲಿ ಆ ಹಳೆಯ ರಾಗ ಎದ್ದಾಗ ನಾನೂ ಹಾಗೇ ಕಾದಿದ್ದೆ. ನಗುವಿನ ಮಾತನ್ನೂ ಒಪ್ಪಿಕೊಂಡೆ. ಟಿರಿಯನ್ ಪಾತ್ರಕ್ಕೆ ಪೀಟರ್ ಡಿಂಕ್ಲೇಜ್‌ಗೆ ನಾಲ್ಕು ಸಲ ಎಮ್ಮಿ ಪ್ರಶಸ್ತಿ ಬಂದಿದ್ದು ಸುಮ್ಮನೆ ಅಲ್ಲ. ಹೊಸದರಲ್ಲಿ ಆ ಜಾಗ ಖಾಲಿಯೇ ಇದೆ.

"ಆದರೆ ಅಕ್ಕಾ, ನೆಡ್ ಸ್ಟಾರ್ಕ್ ಸತ್ತ ರಾತ್ರಿ ನೆನಪಿದೆಯಾ?"

"ಮರೆಯೋದುಂಟಾ? ಟೀವಿ ಆರಿಸಿ ಎದ್ದುಬಿಟ್ಟಿದ್ದೆ. ಅವನೇ ಕಥೆಗೆ ಯಜಮಾನ ಅಂದ್ಕೊಂಡಿದ್ದೆ."

2011ರಲ್ಲಿ, ಮೊದಲ ಸೀಸನ್ನಿನ ಒಂಬತ್ತನೇ ಕಂತಿನಲ್ಲಿ ಆ ತಲೆ ಉರುಳಿತು. ಅಲ್ಲಿಂದ ಮುಂದೆ ಯಾವ ಕಂತಿಗೆ ಯಾರ ಸರದಿಯೋ ಎಂಬ ಭಯದಲ್ಲೇ ಎಲ್ಲರೂ ನೋಡಿದೆವು. ಮುಂದೇನು, ಮುಂದೇನು ಎನ್ನುವುದೇ ಹಳೆಯದರ ರುಚಿ.

"ಹೊಸದರಲ್ಲಿ ಆ ರುಚಿ ಹುಡುಕಿದರೆ ಸಿಗೋದಿಲ್ಲ ಅಕ್ಕಾ. ಇದು ಹಳೆಯದಕ್ಕಿಂತ ಹಿಂದಿನ ಕಾಲದ ಕಥೆ, ರೇನೀರಾಳ ಕೊನೆ ಏನಾಗುತ್ತೆ ಅನ್ನೋದನ್ನ ಹಳೆಯದರಲ್ಲೇ ಹೇಳಿಬಿಟ್ಟಿದ್ದಾರೆ. ಮೂರನೇ ಸೀಸನ್, 2013ರದ್ದು. ಜಾಫ್ರಿ ತಾನು ಮದುವೆಯಾಗೋ ಹುಡುಗಿಗೆ ದೇವಸ್ಥಾನ ತೋರಿಸ್ತಾ ಇರ್ತಾನಲ್ಲ, ಅಲ್ಲಿ ಎರಡೇ ಮಾತಲ್ಲಿ ಹೇಳ್ತಾನೆ."

"ಹೌದಾ? ನನ್ನ ಗಮನಕ್ಕೇ ಬಂದಿಲ್ಲ. ಮತ್ತೆ ಕೊನೆ ಗೊತ್ತಾದ ಮೇಲೆ ನೋಡೋದೇನು?"

ಅದಕ್ಕೆ ನಾನು ಅವರ ಜಗಲಿಯನ್ನೇ ತೋರಿಸಿದೆ. ಮಳೆಗಾಲ ಬಂದರೆ ಅಲ್ಲಿ ತಾಳಮದ್ದಳೆ. ಹೋದ ವರ್ಷ 'ಕೃಷ್ಣ ಸಂಧಾನ'. ಸಂಧಾನ ಮುರಿಯುತ್ತದೆ ಎಂದು ಗೊತ್ತಿಲ್ಲದ ಒಂದು ಮಗುವೂ ಅಲ್ಲಿರಲಿಲ್ಲ. ಆದರೂ ನಡುರಾತ್ರಿ ದಾಟಿದರೂ ಯಾರೂ ಕದಲಲಿಲ್ಲ. ಕೌರವ ಏನು ಹೇಳಿ ನಿರಾಕರಿಸುತ್ತಾನೆ, ಕೃಷ್ಣ ಎಲ್ಲಿ ಮಾತು ನಿಲ್ಲಿಸುತ್ತಾನೆ ಎಂದು ಕೇಳಲು ಕೂತಿದ್ದೆವು. 'ಹೌಸ್ ಆಫ್ ದ ಡ್ರ್ಯಾಗನ್' ನೋಡಬೇಕಾದ್ದು ಹಾಗೆ. ತಪ್ಪಿಸಬಹುದಾಗಿದ್ದ ಯುದ್ಧ ಯಾರ ಯಾರ ಕೈಯಲ್ಲಿ, ಯಾವ ಗಳಿಗೆಯಲ್ಲಿ ತಪ್ಪಿಸಲಾರದ್ದಾಯಿತು ಎಂದು ನೋಡುವುದೇ ಅದರ ರುಚಿ.

ಅದರ ಮೊದಲ ದೃಶ್ಯವೇ ಹ್ಯಾರನ್‌ಹಾಲ್‌ನ ಸಭೆ. ಹಕ್ಕಿನಲ್ಲಿ ಮುಂದಿದ್ದ ರೇನಿಸ್‌ಗೆ ಹೆಣ್ಣೆಂಬ ಕಾರಣಕ್ಕೆ ಪಟ್ಟ ತಪ್ಪಿಸಿ ವಿಸೇರಿಸ್‌ಗೆ ಕೊಡುತ್ತಾರೆ. ಅದೇ ವಿಸೇರಿಸ್ ಮುಂದೆ ತನ್ನ ಮಗಳು ರೇನೀರಾಳನ್ನೇ ಉತ್ತರಾಧಿಕಾರಿ ಎಂದು ಸಾರುತ್ತಾನೆ. ಆಮೇಲೆ ಮಗಳ ಗೆಳತಿ ಆಲಿಸೆಂಟ್‌ಳನ್ನೇ ಮದುವೆಯಾಗುತ್ತಾನೆ, ಗಂಡುಮಗು ಹುಟ್ಟುತ್ತದೆ. ಕೊಟ್ಟ ಮಾತನ್ನು ಆತ ಬದಲಿಸುವುದಿಲ್ಲ, ಆದರೆ ಆ ಮಾತು ನಿಲ್ಲುವಂತೆ ಮಾಡುವ ಗಟ್ಟಿತನವೂ ಇಲ್ಲ. ಮನೆ ಎರಡಾಗುವುದನ್ನು ನೋಡುತ್ತ ಕೂರುತ್ತಾನೆ. ಧೃತರಾಷ್ಟ್ರನನ್ನು ಬಲ್ಲ ನಮಗೆ ಇಂಥ ಅಪ್ಪನನ್ನು ಯಾರೂ ಪರಿಚಯಿಸಬೇಕಾಗಿಲ್ಲ.

"ಕಥೆ ಬರೆದವರು ಅವರೇ ಅಲ್ವಾ?" ಎಂದರು ಅಕ್ಕ, ಬಕೆಟ್ಟನ್ನು ಬೇಲಿ ಬುಡಕ್ಕೆ ಸರಿಸಿ.

ಅವರೇ, ಜಾರ್ಜ್ ಆರ್. ಆರ್. ಮಾರ್ಟಿನ್. ಆದರೆ 2018ರಲ್ಲಿ ಬಂದ 'ಫೈರ್ ಆ್ಯಂಡ್ ಬ್ಲಡ್' ಕಾದಂಬರಿಯ ಥರ ಇಲ್ಲ. ಅದು ಆ ಲೋಕದ ಒಬ್ಬ ಪಂಡಿತ ಬರೆದ ಇತಿಹಾಸದ ಹಾಗಿದೆ. ಒಂದೇ ಘಟನೆಯನ್ನು ಆಸ್ಥಾನದ ಪಂಡಿತ ಒಂದು ಥರ, ಪುರೋಹಿತ ಒಂದು ಥರ, ವಿದೂಷಕ ಇನ್ನೊಂದು ಥರ ಹೇಳುತ್ತಾರೆ. ಮುಚ್ಚಿದ ಬಾಗಿಲೊಳಗೆ ನಿಜವಾಗಿ ಆದದ್ದೇನು ಎಂಬುದನ್ನು ಸೀರಿಯಲ್ ಮಾಡಿದವರೇ ತುಂಬಬೇಕಾಯಿತು. ಪುಸ್ತಕದಲ್ಲಿ ಬೇಕೆಂದೇ ಮಾಡಿದಂತೆ ಕಾಣುವ ಒಂದು ಕೊಲೆ ತೆರೆಯ ಮೇಲೆ ಕೈಮೀರಿ ಆಗಿಹೋಗುತ್ತದೆ. ಸವಾರ ಬೇಡ ಬೇಡ ಎಂದು ಕೂಗುತ್ತಿದ್ದರೂ ಡ್ರ್ಯಾಗನ್ ಕೇಳುವುದಿಲ್ಲ. ಆ ಒಂದು ಬದಲಾವಣೆಯಿಂದ ಇಡೀ ಯುದ್ಧದ ಅರ್ಥವೇ ಬೇರೆಯಾಯಿತು.

ಹಳೆಯದು ಕೊನೆಗೆ ಎಡವಿದ್ದು ಪುಸ್ತಕದ ಆಧಾರ ತಪ್ಪಿದ್ದರಿಂದ. ಮಾರ್ಟಿನ್‌ರ ಐದನೇ ಪುಸ್ತಕ 2011ರಲ್ಲಿ ಬಂತು, ಆರನೆಯದು ಬರಲೇ ಇಲ್ಲ. ಸೀರಿಯಲ್ ಪುಸ್ತಕಗಳನ್ನು ದಾಟಿ ಮುಂದೆ ಹೋಯಿತು. ಮೊದಲ ಆರು ಸೀಸನ್ನಿಗೆ ಹತ್ತು ಹತ್ತು ಕಂತಿದ್ದರೆ ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು. ಎಂಟು ವರ್ಷ ಜೊತೆಗಿದ್ದ ಡನೇರಿಸ್, ಅಕ್ಕ ಹೇಳಿದ ಡ್ರ್ಯಾಗನ್ ಸಾಕುವ ಹುಡುಗಿ, ಒಂದು ಗಂಟೆಯಲ್ಲಿ ಊರು ಸುಡುವವಳಾದಳು.

"ಅದು ಮಾತ್ರ ನನಗೂ ಸಂಕಟ ಆಯ್ತು," ಎಂದರು ಅಕ್ಕ ಮೆಲ್ಲಗೆ. "ಅವಳಿಗೆ ಇನ್ನಷ್ಟು ಹೊತ್ತು ಕೊಡಬೇಕಿತ್ತು."

ಹೊಸದರಲ್ಲೂ ಕೊರತೆ ಇದೆ. 2024ರ ಎರಡನೇ ಸೀಸನ್ ಎಂಟೇ ಕಂತು, ಸೈನ್ಯಗಳು ಹೊರಟು ನಿಂತಲ್ಲಿಗೆ ಮುಗಿದುಹೋಯಿತು. ಆ ದಿನ ನನಗೂ ಬೇಸರವಾಗಿತ್ತು. ಆದರೆ ಅಕ್ಕ ನಿಲ್ಲಿಸಿದ್ದು ಏಳನೇ ಕಂತಿಗೆ. ನನ್ನ ಮನಸ್ಸು ಗೆದ್ದದ್ದು ಎಂಟನೆಯದು.

ಕಾಯಿಲೆಯಿಂದ ಹಾಸಿಗೆ ಹಿಡಿದ ವಿಸೇರಿಸ್ ಇನ್ನು ಸಭೆಗೆ ಬರುವುದಿಲ್ಲವೆಂದು ಎಲ್ಲರೂ ಅಂದುಕೊಂಡಿರುತ್ತಾರೆ. ಬಾಗಿಲು ತೆರೆಯುತ್ತದೆ. ಕೊಳೆತ ಅರ್ಧ ಮುಖಕ್ಕೆ ಚಿನ್ನದ ಮುಖವಾಡ, ಕೈಯಲ್ಲಿ ಊರುಗೋಲು. ಮಗಳ ಪರ ನಿಲ್ಲಲೆಂದು ಒಂದೊಂದೇ ಹೆಜ್ಜೆ ಇಟ್ಟು ಬರುತ್ತಾನೆ. ಸಿಂಹಾಸನದ ಮೆಟ್ಟಿಲಲ್ಲಿ ಕಿರೀಟ ಬಿದ್ದುಹೋಗುತ್ತದೆ. ಅದನ್ನು ಎತ್ತಿ ಅಣ್ಣನ ತಲೆಗಿಡುವವನು ಡೇಮನ್, ಅದೇ ಸಿಂಹಾಸನದ ಮೇಲೆ ಕಣ್ಣಿಟ್ಟು ಅಣ್ಣನಿಂದ ದೂರವಾಗಿದ್ದ ತಮ್ಮ. ವಿಸೇರಿಸ್ ಪಾತ್ರ ಮಾಡಿದ ಪ್ಯಾಡಿ ಕನ್ಸಿಡೈನ್‌ರ ಆ ನಡಿಗೆಗೆ ಸಮನಾದದ್ದನ್ನು ನಾನು ಹಳೆಯದರ 73 ಕಂತಿನಲ್ಲೂ ಕಂಡಿಲ್ಲ.

"ಅಷ್ಟೊಂದಾ?" ಎಂದರು ಅಕ್ಕ. "ಹಾಗಾದ್ರೆ ಇವತ್ತು ರಾತ್ರಿ ಎಂಟನೇದು."

ನನ್ನ ತೀರ್ಮಾನ ಇಷ್ಟು. ಹಳೆಯದು ಹರವಿನಲ್ಲಿ ದೊಡ್ಡದು, ಹೊಸದು ಆಳದಲ್ಲಿ. ನೀವೂ ಅಕ್ಕನ ಹಾಗೆ ನಡುವೆ ಬಿಟ್ಟು ಎದ್ದಿದ್ದರೆ, ದಯವಿಟ್ಟು ಎಂಟನೇ ಕಂತಿನವರೆಗೆ ಕೂತು ನೋಡಿ. ಆಮೇಲೂ ಬೇಡವೆನಿಸಿದರೆ ಬಿಟ್ಟುಬಿಡಿ.